ಮೂರು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್: ರೆಕಾರ್ಡಿಂಗ್ ಎಲ್ಲಿ ಮಾಡಬೇಕು, ಯಾವ ಡಿಸ್ಕ್ ಕೊಳ್ಳಬೇಕು?

ದಾವಣಗೆರೆಯಲ್ಲಿ ಮದುವೆ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಈಗ ಒಂದೇ ಕ್ಯಾಮೆರಾದಲ್ಲಿ ಕೆಲಸ ಮುಗಿಯುವುದಿಲ್ಲ. ಮೂರೋ ನಾಲ್ಕೋ ನಿಲ್ಲಿಸಬೇಕು, ಎಲ್ಲವನ್ನೂ ಒಂದು ಲ್ಯಾಪ್‌ಟಾಪ್‌ಗೆ ತರಬೇಕು, ಊರಿಗೆ ಬರಲಾಗದ ನೆಂಟರಿಗೆ ಲೈವ್ ಕೂಡ ಕೊಡಬೇಕು. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಅಣ್ಣ, ಯಾವ ಲ್ಯಾಪ್‌ಟಾಪ್ ತಗೊಳ್ಲಿ?" ನಾನು ತಿರುಗಿ ಕೇಳುತ್ತೇನೆ: "ರೆಕಾರ್ಡಿಂಗ್ ಎಲ್ಲಿ ಮಾಡ್ತೀಯ?" ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಲ್ಯಾಪ್‌ಟಾಪ್, ಡಿಸ್ಕ್, ಸಾಫ್ಟ್‌ವೇರ್ ಮೂರರದ್ದೂ ಅರ್ಧ ತೀರ್ಮಾನ ಆದ ಹಾಗೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಕಾರ್ಡ್‌ನಲ್ಲಿ ಯಾವಾಗಲೂ ಒಂದು ರೆಕಾರ್ಡಿಂಗ್ ಓಡುತ್ತಿರಬೇಕು. ಕಂಪ್ಯೂಟರ್ ಮಾಡುವುದು ಎರಡನೇ ಪ್ರತಿ. ಇದನ್ನು ಒಪ್ಪಿಕೊಂಡ ಮೇಲೆ ಉಳಿದ ಹೋಲಿಕೆಗಳಿಗೆ ಬೆಲೆ.

ಹೀಗೆ ಹೇಳಲು ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ಇಲ್ಲೇ ಒಂದು ಮಂಟಪದಲ್ಲಿ ಮದುವೆ. ಮೂರು ಕ್ಯಾಮೆರಾ, ಮೂರೂ ನೇರ ಲ್ಯಾಪ್‌ಟಾಪ್‌ಗೆ. ಕಾರ್ಡ್ ತುಂಬಿದರೆ ಬದಲಿಸುವ ಗೋಳು ಬೇಡ ಅಂತ ಕ್ಯಾಮೆರಾಗಳಲ್ಲಿ ಕಾರ್ಡೇ ಹಾಕಿರಲಿಲ್ಲ. ಗಟ್ಟಿಮೇಳ ಶುರುವಾಯಿತು, ಅಕ್ಕಿಕಾಳು ಬೀಳುತ್ತಿತ್ತು. ಪಕ್ಕದಲ್ಲಿದ್ದ ಹುಡುಗ ಮೆಲ್ಲಗೆ ಅಂದ: "ಅಣ್ಣಾ, ಎರಡನೇದು ನಿಂತೈತಿ ನೋಡು." ಪರದೆಯ ಮೇಲೆ, ಮಗಳ ಕಡೆ ನೋಡುತ್ತಾ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳಲು ಹೋದ ಅಪ್ಪನ ಕೈ ಅರ್ಧಕ್ಕೇ ನಿಂತಿತ್ತು. ವಾಲಗ ಕೇಳುತ್ತಲೇ ಇತ್ತು. 11 ಸೆಕೆಂಡು ಹಾಗೇ. ಆಮೇಲೆ ಚಿತ್ರ ಒಮ್ಮೆಲೇ ಜಿಗಿದು ಮುಂದೆ ಹೋಯಿತು. ಆ 11 ಸೆಕೆಂಡು ಆ ಮನೆಯವರಿಗೆ ಇನ್ನೆಲ್ಲೂ ಸಿಗುವುದಿಲ್ಲ.

ಆ ರಾತ್ರಿ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ರೆಕಾರ್ಡಿಂಗ್ ಫೋಲ್ಡರ್ ಇದ್ದದ್ದು ಲ್ಯಾಪ್‌ಟಾಪ್‌ನ ವಿಡಿಯೋಸ್ ಫೋಲ್ಡರ್ ಒಳಗೆ. ಆ ಫೋಲ್ಡರನ್ನು ತಾನಾಗಿಯೇ ಕ್ಲೌಡ್‌ಗೆ ಕಳಿಸುವ ಒಂದು ಸಾಫ್ಟ್‌ವೇರ್ ಹಿಂದಿನಿಂದ ಓಡುತ್ತಿತ್ತು. ಲೈವ್‌ಗಾಗಿ ಮಂಟಪದ ವೈಫೈ ಸಿಕ್ಕಿದ್ದೇ ತಡ, ಬೆಳಗಿನ ದೊಡ್ಡ ಫೈಲುಗಳನ್ನು ಅದು ಓದಲು ಶುರುಮಾಡಿತು. ಒಳಗಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಹಳೆಯ ಫೈಲನ್ನು ಓದುವುದೂ ಹೊಸ ಮೂರು ಫೈಲನ್ನು ಬರೆಯುವುದೂ ಡಿಸ್ಕಿನೊಳಗೆ ಅತ್ತಿತ್ತ ಚಲಿಸುವ ಒಂದೇ ತಲೆಯ ಕೆಲಸ. ಅದು ಅತ್ತಿತ್ತ ಓಡಿ ಸೋತಿತು. ತೊಂದರೆ ಡಿಸ್ಕಿನದು ಮಾತ್ರ ಆಗಿದ್ದರೆ ಸುಧಾರಿಸುತ್ತಿತ್ತು, ಸಾಫ್ಟ್‌ವೇರಿನದು ಮಾತ್ರ ಆಗಿದ್ದರೂ ಸುಧಾರಿಸುತ್ತಿತ್ತು. ಎರಡೂ ಸೇರಿ ಕೈಕೊಟ್ಟವು. ಈ ಕೆಲಸದ ತೊಂದರೆಗಳು ಹೆಚ್ಚಾಗಿ ಹೀಗೇ ಜೋಡಿಯಾಗಿ ಬರುತ್ತವೆ.

ಮೊದಲು ಸ್ವಲ್ಪ ಲೆಕ್ಕ

ಯುಎಸ್‌ಬಿ ಒಳಗೆ ಬರುವ ವಿಡಿಯೋ ಬೇರೆ, ಡಿಸ್ಕ್‌ಗೆ ಇಳಿಯುವ ವಿಡಿಯೋ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ದುಬಾರಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ಗಳ ಡಿಸ್ಕ್) ಕೊಂಡು, ತೊಂದರೆ ಹಾಗೇ ಉಳಿಯಿತು ಅಂತ ಬೇಜಾರು ಮಾಡಿಕೊಂಡಿದ್ದಾರೆ.

1080ಪಿ, ಸೆಕೆಂಡಿಗೆ 25 ಫ್ರೇಮ್, ಒತ್ತದೆ (ಕಂಪ್ರೆಸ್ ಮಾಡದೆ) ಬರುವ ವೈಯುವೈ2 ವಿಡಿಯೋ ತೆಗೆದುಕೊಳ್ಳಿ. 1920 ಗುಣಿಸು 1080, ಒಂದೊಂದು ಚುಕ್ಕೆಗೆ 2 ಬೈಟ್, ಅದಕ್ಕೆ 25. ಸೆಕೆಂಡಿಗೆ ಸುಮಾರು 104 ಎಂಬಿ. ಯುಎಸ್‌ಬಿ 2.0ದ ಮೇಲೆ ಬರೆದಿರುವುದು 480 ಎಂಬಿಪಿಎಸ್, ಅದು ಸೆಕೆಂಡಿಗೆ ಮೆಗಾಬಿಟ್ ಲೆಕ್ಕ; 8 ಬಿಟ್‌ಗೆ 1 ಬೈಟ್, ಅಂದರೆ 60 ಎಂಬಿ. ನಿಜವಾಗಿ ಸಿಗುವುದು 35-40 ಎಂಬಿ. ಹಾಗಾಗಿ ಅಲ್ಲಿ ಒಂದು ಕ್ಯಾಮೆರಾ ಕೂಡ ಒತ್ತದೆ ಬರಲಾರದು, ಎಂಜೆಪೆಗ್ ಆಗಿ ಒತ್ತಿಯೇ ಬರಬೇಕು. 5 ಜಿಬಿಪಿಎಸ್‌ನ ಯುಎಸ್‌ಬಿ 3.0ದಲ್ಲಿ ಸುಮಾರು 400 ಎಂಬಿ ಕೈಗೆ ಸಿಗುತ್ತದೆ. ಮೂರು ಕ್ಯಾಮೆರಾಗೆ 311 ಎಂಬಿ, ಹೇಗೋ ತೂರುತ್ತದೆ. ನಾಲ್ಕಕ್ಕೆ 415, ಅಲ್ಲಿಗೆ ಮುಗಿಯಿತು.

ನಮ್ಮ ಎಪಿಎಂಸಿ ಅಂಗಳವನ್ನು ನೆನಪಿಸಿಕೊಳ್ಳಿ. ಮೆಕ್ಕೆಜೋಳದ ಸೀಸನ್‌ನಲ್ಲಿ ಗೋದಾಮು ಎಷ್ಟೇ ದೊಡ್ಡದಿದ್ದರೂ ಲಾರಿಗಳೆಲ್ಲ ಒಂದೇ ಗೇಟಿನಿಂದ ಬಂದರೆ ಸಾಲು ರಸ್ತೆಗೆ ಬರುತ್ತದೆ. ಯುಎಸ್‌ಬಿ ಹಬ್ ಆ ಗೇಟು. ನಾಲ್ಕು ಪೋರ್ಟ್ ಇರುವ ಹಬ್ ಕೊಂಡರೆ ನಾಲ್ಕು ದಾರಿ ಸಿಗುವುದಿಲ್ಲ, ಒಂದೇ ದಾರಿಗೆ ನಾಲ್ಕು ಬಾಯಿ ಸಿಗುತ್ತದೆ.

ಇನ್ನು ಗೋದಾಮಿನ ಕಡೆ, ಅಂದರೆ ಡಿಸ್ಕ್ ಕಡೆ. ಕಂಪ್ಯೂಟರ್ ಈ ವಿಡಿಯೋವನ್ನು ಎಚ್.264ಗೆ ಒತ್ತಿ 40 ಎಂಬಿಪಿಎಸ್‌ನಲ್ಲಿ ಬರೆದರೆ ಅದು ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ಮೂರು ಕ್ಯಾಮೆರಾ, ಜೊತೆಗೆ ಮಿಕ್ಸ್ ಆದ ಫೈಲು ಸೇರಿ ನಾಲ್ಕು. ಸೆಕೆಂಡಿಗೆ 20 ಎಂಬಿ, ಗಂಟೆಗೆ 72 ಜಿಬಿ. ಆರು ಗಂಟೆಯ ಮದುವೆಗೆ 432 ಜಿಬಿ. 500 ಜಿಬಿ ಡಿಸ್ಕ್ ಅಂಚಿಗೆ ಬಂದು ನಿಲ್ಲುತ್ತದೆ, 1 ಟಿಬಿ ಬೇಕು. ಎಡಿಟಿಂಗ್‌ಗೆ ಬಳಸುವ, ಕಡಿಮೆ ಒತ್ತುವ ಪ್ರೋರೆಸ್ 422 ಆರಿಸಿಕೊಂಡರೆ 1080ಪಿ 25ರಲ್ಲಿ ಒಂದೇ ಫೈಲಿಗೆ ಗಂಟೆಗೆ 55 ಜಿಬಿ ಹೋಗುತ್ತದೆ. ಮದುವೆಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

20 ಎಂಬಿ ಅಂದರೆ ಯಾವ ಡಿಸ್ಕ್‌ಗಾದರೂ ಹಗುರ ಅಲ್ವಾ? ಹೌದು, ಸರಾಸರಿ ನೋಡಿದರೆ ಹಗುರ. ಆದರೆ ಲೈವ್ ಕೆಲಸದಲ್ಲಿ ಸರಾಸರಿ ಕೆಲಸಕ್ಕೆ ಬಾರದು. ಡಿಸ್ಕ್ ತನ್ನ ಅತಿ ಕೆಟ್ಟ ಸೆಕೆಂಡಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು. ಕ್ಯಾಮೆರಾ ಕಾಯುವುದಿಲ್ಲ.

ಮೂರು ದಾರಿಗಳು

ಒಂದು, ಎಲ್ಲವನ್ನೂ ಕಂಪ್ಯೂಟರ್‌ಗೆ ತಂದು ಅಲ್ಲೇ ಮಿಕ್ಸ್ ಮಾಡಿ ಅಲ್ಲೇ ರೆಕಾರ್ಡ್ ಮಾಡುವುದು. ಎರಡು, ಗುಂಡಿ ಒತ್ತಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ, ಎಟಿಇಎಂ ಮಿನಿ ತರಹದ ಸ್ವಿಚರ್ ಪೆಟ್ಟಿಗೆ. ಮೂರು, ಕ್ಯಾಮೆರಾಗಳ ಕಾರ್ಡ್‌ಗೆ ರೆಕಾರ್ಡ್ ಮಾಡಿ ಮನೆಗೆ ಬಂದು ಜೋಡಿಸುವುದು.

ಕಂಪ್ಯೂಟರ್ ದಾರಿಯಲ್ಲಿ ಸ್ವಾತಂತ್ರ್ಯ ಜಾಸ್ತಿ. ಹೆಸರು ಹಾಕಬಹುದು, ಫೋಟೋ ತೋರಿಸಬಹುದು, ದೂರದ ಅಜ್ಜಿಯನ್ನು ವಿಡಿಯೋ ಕಾಲ್‌ನಿಂದ ಪರದೆಗೆ ತರಬಹುದು. ಖರ್ಚೂ ಕಡಿಮೆಯಿಂದ ಶುರುವಾಗುತ್ತದೆ. ಆದರೆ ವಿಂಡೋಸ್, ಆಂಟಿವೈರಸ್, ಡ್ರೈವರ್, ಕ್ಲೌಡ್ ಎಲ್ಲವೂ ಅದೇ ಮನೆಯ ಬಾಡಿಗೆದಾರರು. ಯಾರು ಯಾವಾಗ ನಲ್ಲಿ ತಿರುಗಿಸುತ್ತಾರೆ ಗೊತ್ತಾಗುವುದಿಲ್ಲ.

ಸ್ವಿಚರ್ ಪೆಟ್ಟಿಗೆಯಲ್ಲಿ ಆ ಬಾಡಿಗೆದಾರರೇ ಇಲ್ಲ. ಎಟಿಇಎಂ ಮಿನಿ ಪ್ರೋ ಐಎಸ್‌ಒ ಅನ್ನುವ ಮಾದರಿಗೆ ನಾಲ್ಕು ಎಚ್‌ಡಿಎಂಐ ಹಾಕಬಹುದು. ಯುಎಸ್‌ಬಿ-ಸಿ ಡಿಸ್ಕ್ ಸಿಕ್ಕಿಸಿದರೆ ನಾಲ್ಕು ಕ್ಯಾಮೆರಾದ ಫೈಲು ಮತ್ತು ಮಿಕ್ಸ್ ಆದ ಫೈಲು, ಒಟ್ಟು ಐದನ್ನು ಬರೆಯುತ್ತದೆ. ನೀವು ಯಾವ ಕ್ಷಣದಲ್ಲಿ ಯಾವ ಕ್ಯಾಮೆರಾ ಒತ್ತಿದಿರಿ ಅನ್ನುವುದನ್ನೂ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಆಗಿ ಉಳಿಸುತ್ತದೆ. ಎಡಿಟ್ ಮಾಡುವಾಗ ತಪ್ಪಾಗಿ ಒತ್ತಿದ ಒಂದು ಕಟ್ ಮಾತ್ರ ಸರಿಮಾಡಿದರೆ ಆಯಿತು. ವಾರಕ್ಕೆ ಎರಡು ಮೂರು ಕೆಲಸ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇದರ ದೊಡ್ಡ ಕೊರತೆ ಕರೆಂಟು. ಒಳಗೆ ಬ್ಯಾಟರಿ ಇಲ್ಲ. ಲ್ಯಾಪ್‌ಟಾಪ್ ಆದರೆ ಕರೆಂಟು ಹೋದರೂ ಓಡುತ್ತದೆ, ಇದು ಕಣ್ಣು ಮಿಟುಕಿಸುವಷ್ಟು ಹೊತ್ತು ಹೋದರೂ ನಿಂತುಬಿಡುತ್ತದೆ. ಡಿಸ್ಕನ್ನು ಇದಕ್ಕೆ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿರುತ್ತೀರಿ, ಅರ್ಧದಲ್ಲಿ ನಿಂತ ಫೈಲು ಕೆಡುವ ಸಾಧ್ಯತೆಯೂ ಇದೆ. ಮಂಟಪದವರ ಜನರೇಟರ್ ನಂಬಬೇಡಿ, ಅದು ಶುರುವಾಗುವವರೆಗಿನ ಹೊತ್ತೇ ನಿಮ್ಮನ್ನು ಕೆಡಿಸುವುದು. ಸಣ್ಣ ಯುಪಿಎಸ್ ಒಂದನ್ನು ಈ ಪೆಟ್ಟಿಗೆಯ ಜೊತೆಗೇ ಲೆಕ್ಕಕ್ಕೆ ಹಿಡಿಯಿರಿ.

ಮೂರನೇ ದಾರಿ ಹಳೆಯದು, ಗಟ್ಟಿಯಾದದ್ದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದಂತಹ ಕಡೆ ಬೇರೆ ದಾರಿಯೇ ಇಲ್ಲ. ತೇರು ಚಲಿಸುತ್ತದೆ, ಜನಸಾಗರ ಇರುತ್ತದೆ, ಎಚ್‌ಡಿಎಂಐ ವಯರ್ ಎಲ್ಲಿಗೆ ಎಳೆಯುತ್ತೀರಿ? ಅಲ್ಲಿ ಪ್ರತಿ ಕ್ಯಾಮೆರಾದವನೂ ತನ್ನ ಕಾರ್ಡ್‌ಗೆ ತಾನೇ ಹೊಣೆ. ಕಾರ್ಡ್ ಮೇಲೆ ವಿ30 ಅಂತ ಇದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅರ್ಥ. ಕ್ಯಾಮೆರಾದ 100 ಎಂಬಿಪಿಎಸ್ ಮೋಡ್‌ಗೆ ಬೇಕಾದದ್ದು 12.5 ಎಂಬಿ. ಧಾರಾಳ ಆಯಿತು. ಹಳೆಯ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ, ಅದು ನೆನಪಿರಲಿ. ಮೂರೂ ಕ್ಯಾಮೆರಾದವರು ಒಟ್ಟಿಗೆ ನಿಲ್ಲಿಸಿ ಒಟ್ಟಿಗೆ ಶುರುಮಾಡದಂತೆ, ಐದೈದು ನಿಮಿಷದ ಅಂತರ ಇಟ್ಟುಕೊಳ್ಳಿ.

ಈ ಮೂರರಲ್ಲಿ ಒಂದನ್ನೇ ಆರಿಸಬೇಕು ಅಂತಿಲ್ಲ. ಮೊದಲನೆಯದಾಗಲಿ ಎರಡನೆಯದಾಗಲಿ, ಅದರ ಜೊತೆಗೆ ಮೂರನೆಯದನ್ನು ಸೇರಿಸಿ. ಒಂದು ಎಚ್ಚರಿಕೆ: ಕೆಲವು ಕ್ಯಾಮೆರಾಗಳಲ್ಲಿ ಕಾರ್ಡ್‌ಗೆ ರೆಕಾರ್ಡ್ ಒತ್ತಿದ ಕೂಡಲೇ ಎಚ್‌ಡಿಎಂಐನಿಂದ ಹೊರಬರುವ ಚಿತ್ರದ ಗುಣಮಟ್ಟ ಬದಲಾಗುತ್ತದೆ, ಇಲ್ಲವೇ ಪರದೆ ಮೇಲಿನ ಅಂಕಿಗಳೆಲ್ಲ ಲೈವ್‌ನಲ್ಲಿ ಕಾಣುತ್ತವೆ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಒತ್ತಿ ನೋಡಿ.

ಡಿಸ್ಕ್ ಯಾವುದು?

ಪೆನ್‌ಡ್ರೈವ್ ಬೇಡ. ಅಷ್ಟೇ. ಮೊದಲ ಕೆಲವು ನಿಮಿಷ ಚೆನ್ನಾಗಿ ಬರೆದು ಆಮೇಲೆ ಏದುಸಿರು ಬಿಡುತ್ತದೆ. ಜೊತೆಗೆ ಎಷ್ಟೋ ಪೆನ್‌ಡ್ರೈವ್‌ಗಳು ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿ ಇರುತ್ತವೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವುದಿಲ್ಲ. 40 ಎಂಬಿಪಿಎಸ್‌ನಲ್ಲಿ 14 ನಿಮಿಷಕ್ಕೇ 4 ಜಿಬಿ ಆಗುತ್ತದೆ. "ಪ್ರತಿ ಸಲ ಹದಿನಾಲ್ಕು ನಿಮಿಷಕ್ಕೆ ನಿಲ್ಲುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಲ್ಯಾಪ್‌ಟಾಪ್ ನೋಡುವ ಮೊದಲು ಡಿಸ್ಕಿನ ಫಾರ್ಮ್ಯಾಟ್ ನೋಡುತ್ತೇನೆ.

ಜೇಬಿನಲ್ಲಿಡುವ ಪೋರ್ಟಬಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಫೈಲು ಬರೆಯುವಾಗ ಸೆಕೆಂಡಿಗೆ 100 ಎಂಬಿ ಮೇಲೆ ಬರುತ್ತದೆ. ನಾಲ್ಕು ಫೈಲು ಒಟ್ಟಿಗೆ ಬಂದಾಗ ತಲೆ ಅತ್ತಿತ್ತ ಓಡಬೇಕು. ಈ ಡಿಸ್ಕ್‌ಗಳಲ್ಲಿ ತುಂಬ ಕಡೆ ಎಸ್‌ಎಂಆರ್ ಅನ್ನುವ ವಿಧಾನ ಇರುತ್ತದೆ. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಾಲು ಬರೆಯುತ್ತಾರೆ. ನಡುವೆ ಒಂದು ಹೆಂಚು ಬದಲಿಸಲು ಪಕ್ಕದ ಹೆಂಚುಗಳನ್ನೂ ತೆಗೆದು ಮತ್ತೆ ಹೊದಿಸಬೇಕು. ಡಿಸ್ಕ್ ಅರ್ಧ ತುಂಬಿ, ಅಳಿಸಿ, ಮತ್ತೆ ಬರೆಯುವಾಗ ಅದು ಇದ್ದಕ್ಕಿದ್ದಂತೆ ಕೆಲವು ಸೆಕೆಂಡು ಮೌನವಾಗುತ್ತದೆ. ಹಳೆಯ ಕೆಲಸ ಇಟ್ಟುಕೊಳ್ಳಲು ಇದಕ್ಕಿಂತ ಅಗ್ಗದ ಜಾಗ ಇಲ್ಲ, ಆ ಕೆಲಸಕ್ಕೆ ಮಾತ್ರ ಇಡಿ.

ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಆಚೀಚೆ. ತಲೆ ಓಡುವ ತಾಪತ್ರಯ ಇಲ್ಲ. ಒಂದು ಯುಎಸ್‌ಬಿ 3.0 ಕವಚದಲ್ಲಿ ಹಾಕಿದರೆ ನಾಲ್ಕೈದು ಎಚ್.264 ಫೈಲಿಗೆ ಸಾಕೋ ಸಾಕು. ಹಣ ಲೆಕ್ಕ ಮಾಡಿ ಕೊಳ್ಳುವವರು ಇಲ್ಲಿಗೇ ನಿಲ್ಲಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯ ಎಸ್‌ಎಸ್‌ಡಿ ಇದಕ್ಕಿಂತ ಹಲವು ಪಟ್ಟು ವೇಗ, ನಿಜ. ಆದರೆ 20 ಎಂಬಿ ಬರೆಯುವ ಕೆಲಸಕ್ಕೆ ಆ ವೇಗದ ಪ್ರಯೋಜನ ನಿಮಗೆ ಸಿಗುವುದು ಕೆಲಸ ಮುಗಿದು ಫೈಲು ಕಾಪಿ ಮಾಡುವಾಗ, ಎಡಿಟ್ ಮಾಡುವಾಗ. ಬಿಸಿಯೂ ಜಾಸ್ತಿ. ದುಗ್ಗಮ್ಮನ ಜಾತ್ರೆಯ ಹೊತ್ತಿನ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಸಣ್ಣ ಲೋಹದ ಕವಚದಲ್ಲಿರುವ ಎನ್‌ವಿಎಂಇ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲು ಆಗದಷ್ಟು ಕಾದಿರುತ್ತದೆ. ಆ ಬಿಸಿಯಲ್ಲಿ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಲ್ಯಾಪ್‌ಟಾಪ್‌ನ ಬಿಸಿಗಾಳಿ ಬರುವ ಬದಿಯಿಂದ ಅದನ್ನು ದೂರ ಇಡಿ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಇಡಬೇಡಿ.

ಒಂದೊಂದು ಕೋಶದಲ್ಲಿ 4 ಬಿಟ್ ತುಂಬುವ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗಳ ಬಗ್ಗೆ ತುಂಬ ಜನ ಹೆದರಿಸುತ್ತಾರೆ. ಅವುಗಳ ವೇಗದ ಕ್ಯಾಶ್ ತುಂಬಿದ ಮೇಲೆ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಬೀಳುವುದು ಸುಳ್ಳಲ್ಲ. ಆದರೂ ಎಚ್.264 ರೆಕಾರ್ಡಿಂಗ್‌ಗೆ ಅದು ಸಾಕಾಗುತ್ತದೆ, ಪ್ರೋರೆಸ್ ಬರೆಯುವವರು ಮಾತ್ರ 3 ಬಿಟ್ ತುಂಬುವ ಟಿಎಲ್‌ಸಿ ನೋಡಿ ಕೊಳ್ಳಲಿ. ಯಾವುದೇ ಎಸ್‌ಎಸ್‌ಡಿ ಆದರೂ ಐದರಲ್ಲಿ ಒಂದು ಭಾಗ ಖಾಲಿ ಬಿಡಿ.

ಎಲ್ಲಕ್ಕಿಂತ ಮುಖ್ಯ, ವಿಂಡೋಸ್ ಇರುವ ಡಿಸ್ಕ್ ಬೇರೆ ಇರಲಿ, ರೆಕಾರ್ಡಿಂಗ್ ಆಗುವ ಡಿಸ್ಕ್ ಬೇರೆ ಇರಲಿ. ಆ ಡಿಸ್ಕನ್ನು ಕ್ಯಾಮೆರಾಗಳ ಹಬ್‌ಗೇ ಸಿಕ್ಕಿಸಬೇಡಿ. ಹಾಗೆ ಮಾಡಿದರೆ ಒಳಬರುವ ಲಾರಿ, ಹೊರಹೋಗುವ ಲಾರಿ ಎರಡೂ ಒಂದೇ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಓಬಿಎಸ್ ಅಥವಾ ವಿಮಿಕ್ಸ್?

ಎರಡೂ ಕ್ಯಾಮೆರಾಗಳನ್ನು ಮಿಕ್ಸ್ ಮಾಡಿ ರೆಕಾರ್ಡ್ ಮಾಡುವ, ಲೈವ್ ಕೊಡುವ ಸಾಫ್ಟ್‌ವೇರ್. ಓಬಿಎಸ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ತಾನಾಗಿ ಅದು ಬರೆಯುವುದು ಮಿಕ್ಸ್ ಆದ ಒಂದು ಫೈಲು. ಪ್ರತಿ ಕ್ಯಾಮೆರಾಗೂ ಬೇರೆ ಫೈಲು ಬೇಕಾದರೆ ಸೋರ್ಸ್ ರೆಕಾರ್ಡ್ ಅನ್ನುವ ಪ್ಲಗಿನ್ ಹಾಕಬೇಕು. ವಿಮಿಕ್ಸ್ ವಿಂಡೋಸ್‌ಗೆ ಮಾತ್ರ, ದುಡ್ಡು ಕೊಡಬೇಕು, 60 ದಿನ ಉಚಿತವಾಗಿ ನೋಡಬಹುದು. ಅದರಲ್ಲಿ ಮಲ್ಟಿಕಾರ್ಡರ್ ಅನ್ನುವ ಸೌಲಭ್ಯ ಇದೆ, ಪ್ರತಿ ಕ್ಯಾಮೆರಾ ಬೇರೆ ಬೇರೆ ಬರೆಯುತ್ತದೆ. ಆದರೆ ಅದು ಕೆಳಗಿನ ಎಚ್‌ಡಿ ಆವೃತ್ತಿಯಲ್ಲಿ ಸಿಗುವುದಿಲ್ಲ, 4ಕೆ ಆವೃತ್ತಿಯಿಂದ ಮೇಲೆ ಕೊಳ್ಳಬೇಕು. ಇದನ್ನು ನೋಡದೆ ಕೊಂಡು ಪೇಚಾಡಿದವರಿದ್ದಾರೆ.

ಕಾರ್ಡ್‌ಗೆ ರೆಕಾರ್ಡ್ ಮಾಡುವ ಅಭ್ಯಾಸ ಇದ್ದರೆ ಓಬಿಎಸ್ ಸಾಕು. ಕಂಪ್ಯೂಟರ್‌ನಲ್ಲೂ ಬೇರೆ ಬೇರೆ ಫೈಲು ಬೇಕೇ ಬೇಕು ಅನ್ನುವವರಿಗೆ ವಿಮಿಕ್ಸ್ ನೆಮ್ಮದಿ. ಎರಡರಲ್ಲೂ ಒಂದು ಕಣ್ಣಿಗೆ ಕಾಣದ ಗೋಡೆ ಇದೆ. ಎನ್‌ವಿಡಿಯಾದ ಮಾಮೂಲಿ ಜಿಫೋರ್ಸ್ ಕಾರ್ಡ್‌ಗಳಲ್ಲಿ ಒಂದೇ ಹೊತ್ತಿಗೆ ಎಷ್ಟು ವಿಡಿಯೋ ಒತ್ತಬಹುದು ಅನ್ನುವುದಕ್ಕೆ ಮಿತಿ ಇದೆ. ಮೊದಲು 3 ಇತ್ತು, 2023ರಲ್ಲಿ 5 ಮಾಡಿದರು, ಆಮೇಲೆ ಇನ್ನೂ ಹೆಚ್ಚಿಸಿದರು. ಡ್ರೈವರ್ ಹಳೆಯದಿದ್ದರೆ ಹಳೆಯ ಮಿತಿಯೇ ಇರುತ್ತದೆ. ಲೈವ್ ಒಂದು, ಮಿಕ್ಸ್ ಒಂದು, ಕ್ಯಾಮೆರಾ ಮೂರು ಅಂತ ಲೆಕ್ಕ ಹಾಕಿ. ನಾಲ್ಕನೇ ಫೈಲು ಶುರುವೇ ಆಗುತ್ತಿಲ್ಲ ಅಂದರೆ ಡಿಸ್ಕನ್ನು ಬೈಯುವ ಮೊದಲು ಇದನ್ನು ನೋಡಿ.

ಫೈಲಿನ ವಿಧ ಎಂಕೆವಿ ಇರಲಿ. ಮಾಮೂಲಿ ಎಂಪಿ4 ಬರೆಯುವಾಗ ಕಂಪ್ಯೂಟರ್ ನಿಂತರೆ ಇಡೀ ಫೈಲು ತೆರೆಯುವುದಿಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ, ಆಮೇಲೆ ಓಬಿಎಸ್‌ನಲ್ಲೇ ರೀಮಕ್ಸ್ ಮಾಡಿ ಎಂಪಿ4 ಮಾಡಿಕೊಳ್ಳಬಹುದು. 2024ರ ಓಬಿಎಸ್ 30.2ರಿಂದ ಹೈಬ್ರಿಡ್ ಎಂಪಿ4 ಅಂತ ಬಂದಿದೆ, ಅದೂ ಇದೇ ಭಯ ಹೋಗಲಾಡಿಸಲು.

ತೊಂದರೆ ಎಲ್ಲಿದೆ ಅಂತ ಗುರುತಿಸುವುದು

ಓಬಿಎಸ್‌ನ ವ್ಯೂ ಮೆನುವಿನಲ್ಲಿ ಸ್ಟ್ಯಾಟ್ಸ್ ತೆರೆದು ಪರದೆಯ ಮೂಲೆಯಲ್ಲಿ ಇಟ್ಟುಕೊಳ್ಳಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆ ಉಸಿರುಕಟ್ಟಿದೆ. ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಒತ್ತುವ ಕೆಲಸ ಭಾರವಾಗಿದೆ. ಡ್ರಾಪ್ಡ್ ಫ್ರೇಮ್ಸ್ ಅಂದರೆ ಇಂಟರ್ನೆಟ್, ಅದಕ್ಕೂ ಡಿಸ್ಕ್‌ಗೂ ಸಂಬಂಧ ಇಲ್ಲ. ಮೂರೂ ಸೊನ್ನೆ ಇದ್ದು ಒಂದೇ ಕ್ಯಾಮೆರಾ ತಡವರಿಸುತ್ತಿದ್ದರೆ ಯುಎಸ್‌ಬಿ ದಾರಿ ನೋಡಿ. ಡಿಸ್ಕ್ ಮೇಲೆ ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಡಿಸ್ಕ್ ಒತ್ತಿ. ಆಕ್ಟಿವ್ ಟೈಮ್ 100ಕ್ಕೆ ಅಂಟಿಕೊಂಡು ಬರೆಯುವ ವೇಗ ಮಾತ್ರ ಸಣ್ಣದಿದ್ದರೆ ಡಿಸ್ಕ್ ಹೆಣಗುತ್ತಿದೆ. ಪಕ್ಕದಲ್ಲೇ ರಿಸೋರ್ಸ್ ಮಾನಿಟರ್ ತೆರೆದರೆ ಆ ಡಿಸ್ಕನ್ನು ಇನ್ಯಾರು ಮುಟ್ಟುತ್ತಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ನನ್ನ 11 ಸೆಕೆಂಡಿನ ಕಳ್ಳ ಸಿಕ್ಕಿದ್ದು ಅಲ್ಲೇ.

ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಒತ್ತಿ, ಕನೆಕ್ಷನ್ ಪ್ರಕಾರ ತೋರಿಸು ಅಂದರೆ ಯಾವ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಎಚ್‌ಡಿಎಂಐ ಚಿತ್ರವನ್ನು ಕಂಪ್ಯೂಟರ್‌ಗೆ ತರುವ ಸಾಧನ) ಯಾವ ಯುಎಸ್‌ಬಿ ಕಂಟ್ರೋಲರ್‌ಗೆ ಕೂತಿದೆ ಗೊತ್ತಾಗುತ್ತದೆ. ಅಗ್ಗದ ಕ್ಯಾಪ್ಚರ್ ಡಾಂಗಲ್‌ಗಳ ಬಗ್ಗೆ ಒಂದು ಮಾತು. ಹೊರಗೆ ನೀಲಿ ಬಾಯಿ ಇರುತ್ತದೆ, ಪೆಟ್ಟಿಗೆ ಮೇಲೆ 3.0 ಅಂತ ಇರುತ್ತದೆ, ಒಳಗಿನ ಚಿಪ್ ಎಷ್ಟೋ ಸಲ ಯುಎಸ್‌ಬಿ 2.0. ಎರಡು ಹಾಕಿದರೆ ಎರಡಕ್ಕೂ ಒಂದೇ ಹೆಸರು. ಪೋರ್ಟ್ ಬದಲಾದ ದಿನ ಒಂದನೇ ಕ್ಯಾಮೆರಾ ಜಾಗದಲ್ಲಿ ಎರಡನೇದು ಬರುತ್ತದೆ. ಪೋರ್ಟ್‌ಗೂ ವಯರ್‌ಗೂ ಬಣ್ಣದ ಟೇಪ್ ಅಂಟಿಸಿ, ಯಾವಾಗಲೂ ಅದಕ್ಕೇ ಅದು.

ಕ್ಯಾಮೆರಾ ಕಪ್ಪಾಗಿ ಕಾಣುತ್ತಿದ್ದರೆ ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ಹಿಡಿದುಕೊಂಡಿದೆ ಅಂತ ಮೊದಲು ಊಹಿಸಿ. ವಿಡಿಯೋ ಕಾಲ್ ಆ್ಯಪ್, ಕ್ಯಾಪ್ಚರ್ ಕಾರ್ಡ್ ಜೊತೆ ಬಂದ ಅದರದೇ ಸಾಫ್ಟ್‌ವೇರ್, ಗಡಿಯಾರದ ಪಕ್ಕ ಅಡಗಿ ಕೂತಿರುತ್ತವೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಕ್ಯಾಮೆರಾ ಒಬ್ಬರಿಗೇ. ರೆಕಾರ್ಡಿಂಗ್ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ, ಕ್ಲೌಡ್ ನಿಲ್ಲಿಸಿ, ಅಪ್‌ಡೇಟ್ ಮುಂದೂಡಿ, ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ನಿದ್ದೆ ಹೋಗುವುದನ್ನು ತೆಗೆಯಿರಿ. ಧ್ವನಿ ಎಲ್ಲ ಕಡೆ 48 ಕಿಲೋಹರ್ಟ್ಸ್ ಇರಲಿ. ಒಂದು ಕಡೆ 44.1 ಇದ್ದರೆ ಗಂಟೆ ಕಳೆದಂತೆ ತುಟಿಗೂ ಮಾತಿಗೂ ತಾಳ ತಪ್ಪಬಹುದು. ಕ್ಯಾಮೆರಾಗಳೆಲ್ಲ 25 ಫ್ರೇಮ್, ಶಟರ್ 1/50 ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಮಂಟಪದ ಟ್ಯೂಬ್‌ಲೈಟ್ ಮಿನುಗುವುದು ಆಗ ಕಾಣುವುದಿಲ್ಲ.

ಮುಹೂರ್ತದ ಹಿಂದಿನ ಸಂಜೆ, ಚಪ್ಪರದ ಕೆಲಸ ನಡೆಯುತ್ತಿರುವಾಗಲೇ, ಎಲ್ಲವನ್ನೂ ಜೋಡಿಸಿ ಪೂರ್ತಿ ಒಂದು ಗಂಟೆ ರೆಕಾರ್ಡ್ ಮಾಡಿ. ಐದು ನಿಮಿಷದ ಪರೀಕ್ಷೆಯಲ್ಲಿ ಬಿಸಿಯೂ ಕಾಣುವುದಿಲ್ಲ, ಕ್ಯಾಶ್ ತುಂಬುವುದೂ ಕಾಣುವುದಿಲ್ಲ, 14 ನಿಮಿಷದ ಗೋಡೆಯೂ ಕಾಣುವುದಿಲ್ಲ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮೊಬೈಲ್ ಸ್ಟಾಪ್‌ವಾಚ್ ಅನ್ನು ಮೂರೂ ಕ್ಯಾಮೆರಾಗೆ ತೋರಿಸಿ. ಎರಡೂ ಕಡೆ ಮೂರೂ ಫೈಲಿನ ಅಂಕಿ ಹೊಂದಿದರೆ ಸರಿ. ವೈಫೈ ಆನ್ ಇಟ್ಟೇ ಮಾಡಿ, ಮರುದಿನ ಅದು ಆನ್ ಇರುತ್ತದಲ್ಲ.

ಕೆಲಸ ಮುಗಿದ ರಾತ್ರಿ ನಾನು ಕಾರ್ಡ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ದಂಪತಿಯ ಹೆಸರು ಬರೆದ ಚೀಟಿ ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಎರಡು ಬೇರೆ ಬೇರೆ ಡಿಸ್ಕ್‌ಗೆ ಕಾಪಿ ಆಗಿ, ಪ್ರತಿ ಫೈಲಿನ ಶುರು, ನಡು, ಕೊನೆ ಓಡಿಸಿ ನೋಡುವವರೆಗೆ ಆ ರಬ್ಬರ್ ಬ್ಯಾಂಡ್ ಬಿಚ್ಚುವುದಿಲ್ಲ.